ಊರಿನವರು ಐಡಿ ಕಾಪಿ ಕೇಳಿದರೆ

ತಮ್ಮಾ, ರೂಮು, ಊಟ, ಸೆಖೆ ಅಂತ ಎಷ್ಟೊಂದು ಕೇಳಿದ್ದೀಯ. ಅವೆಲ್ಲ ನಿಧಾನಕ್ಕೆ ಹೊಂದಿಕೊಳ್ಳುತ್ತವೆ. ಕುಚ್ಚಲಕ್ಕಿ ದುಬೈಯಲ್ಲೂ ಸಿಗುತ್ತದೆ. ಆದರೆ ಕೊನೆಯಲ್ಲಿ, ಬದಿಯಡ್ಕದವರೊಬ್ಬರು ಫೋನ್ ಲೈನ್ ತೆಗೆಯಲು ನಿನ್ನ ಎಮಿರೇಟ್ಸ್ ಐಡಿ, ಅಂದರೆ ಇಲ್ಲಿನ ಸರಕಾರಿ ಗುರುತಿನ ಚೀಟಿಯ ಕಾಪಿ ಕೇಳುತ್ತಿದ್ದಾರೆ, ಕೊಡಬಹುದಾ ಅಂದೆಯಲ್ಲ? ಕೊಡಬೇಡ.

ನಾನು ಕುಂಬಳೆಯಿಂದ ಬಂದ ಹೊಸದರಲ್ಲಿ ದುಬೈಯ ದೇರಾದಲ್ಲಿನ ನಮ್ಮ ರೂಮಿನಲ್ಲಿ ಮುಳ್ಳೇರಿಯ ಕಡೆಯವರೊಬ್ಬರಿದ್ದರು. ಊರಲ್ಲಿ ನೆರೆಕರೆಯವರ ಸೊಸೈಟಿ ಸಾಲಕ್ಕೆ ಜಾಮೀನು ನಿಲ್ಲುತ್ತೇವಲ್ಲ, ಅದೇ ಮನಸ್ಸಿನಿಂದ ಪರಿಚಯದವನಿಗೆ ಕಾಪಿ ಕೊಟ್ಟರು. ಆಮೇಲೆ ಒಟಿಪಿ ಬಂತು. ಅವನು ಕೇಳಿದ, ಇವರು ಹೇಳಿದರು. ತಾನು ತೆಗೆಯದ ಲೈನಿನ ಮೆಸೇಜು ಬಂತು. ಬ್ಯಾಂಕಿನಿಂದ ಕಂತು ಬಾಕಿ ಅಂತ ಕರೆ ಬಂದಾಗ, ರಾಂಗ್ ನಂಬರ್ ಅಂತ ಇಟ್ಟುಬಿಟ್ಟರು. ಅಪ್ಪ ತೀರಿಹೋದ ಸುದ್ದಿ ಕೇಳಿ ಮಂಗಳೂರಿಗೆ ಹೊರಟರೆ ಏರ್‌ಪೋರ್ಟಿನಲ್ಲಿ ತಡೆದರು. ಅವರ ಹೆಸರಲ್ಲಿ ಬೇರೆಯವರು ತೆಗೆದ ಸಾಲದ ಕೇಸು, ಟ್ರಾವೆಲ್ ಬ್ಯಾನ್. ಹಿರಿಮಗನಾಗಿ ಅಪ್ಪನ ಕಾರ್ಯಕ್ಕೂ ಹೋಗಲಾಗಲಿಲ್ಲ. ಇಂದಿಗೂ ಅದನ್ನು ನೆನೆದರೆ ನನ್ನ ಹೊಟ್ಟೆ ಉರಿಯುತ್ತದೆ.

ಹಾಗಾಗಿ ಸಣ್ಣ ಸೂಚನೆಯನ್ನೂ ಬಿಡಬೇಡ. ನೀನು ಕೇಳದ ಒಟಿಪಿ ಬಂದರೆ ಯಾರೋ ನಿನ್ನ ಹೆಸರಲ್ಲಿ ಒಳಗೆ ಹೋಗಲು ನೋಡುತ್ತಿದ್ದಾರೆ ಅಂತಲೇ ತಿಳಿ. ಇಲ್ಲಿನ ಸರಕಾರಿ ಡಿಜಿಟಲ್ ಗುರುತಿನ ಯುಎಇ ಪಾಸ್ ಆಪ್‌ನಲ್ಲೂ ಹಾಗೆಯೇ, ನೀನು ಲಾಗಿನ್ ಮಾಡದೆ ರಿಕ್ವೆಸ್ಟ್ ಬಂದರೆ ಒಪ್ಪಲೇಬೇಡ. ಇದ್ದಕ್ಕಿದ್ದಂತೆ ಸಿಮ್‌ಗೆ ನೆಟ್‌ವರ್ಕ್ ಹೋಗಿ ವಾಪಸ್ ಬರದಿದ್ದರೆ ಕೂಡಲೇ ಸಿಮ್ ಕಂಪನಿಯ ಅಂಗಡಿಗೆ ಹೋಗು. ನಿನ್ನ ಸಿಮ್ ಬೇರೆಯವರು ತೆಗೆದಿರಬಹುದು. ಸಾಲ ವಸೂಲಿಯ ಕರೆ ಬಂದರೆ ಜಗಳಾಡಬೇಡ, ಮಾಹಿತಿಯನ್ನೂ ಕೊಡಬೇಡ. ಬ್ಯಾಂಕಿಗೆ ನೀನೇ ಫೋನ್ ಮಾಡಿ ಕೇಳು.

ಆಗಾಗ ಅಲ್ ಎತಿಹಾದ್ ಕ್ರೆಡಿಟ್ ಬ್ಯೂರೋದ ರಿಪೋರ್ಟ್ ತೆಗೆದು ನೋಡು. ನಿನ್ನ ಹೆಸರಲ್ಲಿರುವ ಸಾಲ, ಕಾರ್ಡು ಅದರಲ್ಲಿ ಕಾಣುತ್ತವೆ. ಊರಿಗೆ ಟಿಕೆಟ್ ಮಾಡುವ ಮೊದಲು ದುಬೈ ಪೊಲೀಸ್ ಆಪ್‌ನಲ್ಲಿ ಹಣದ ಕೇಸು ಇದೆಯಾ ಅಂತ ನೋಡಬಹುದು. ಮೋಸ ಗೊತ್ತಾದರೆ ನಾಚಿಕೆಪಟ್ಟು ಕೂರಬೇಡ, ದುಬೈ ಪೊಲೀಸರ ಆನ್‌ಲೈನ್ ದೂರು ವ್ಯವಸ್ಥೆಯಾದ ಇ-ಕ್ರೈಮ್‌ನಲ್ಲಿ ದೂರು ಕೊಡು.

ನಮ್ಮ ಕಾಸರಗೋಡಿನ ಜನ ಇಲ್ಲಿ ಒಬ್ಬರಿಗೊಬ್ಬರು ಆಗುತ್ತಾರೆ, ಅದು ನನಗೆ ಹೆಮ್ಮೆಯೇ. ಬದಿಯಡ್ಕದವರಿಗೆ ದುಡ್ಡು ಬೇಕಾದರೆ ಕೈಲಾದಷ್ಟು ಕೊಡು. ಲೈನ್ ಬೇಕಾದರೆ ಅವರ ಐಡಿ ಹಿಡಿದು ಜೊತೆಗೆ ಅಂಗಡಿಗೆ ಹೋಗು. ಬೇಜಾರು ಮಾಡಿಕೊಂಡರೆ ನನ್ನ ಹೆಸರು ಹೇಳು, ನಾನೇ ಅವರ ಹತ್ತಿರ ಮಾತಾಡುತ್ತೇನೆ.