ಒಂದೂ ಹಿಟ್ ಕೊಡದೆ ಸೋತವರು: ಬೇಸ್‌ಬಾಲ್ ದಾಖಲೆಗಳ ಬಗ್ಗೆ ಓದುಗರ ಪ್ರಶ್ನೆಗಳು

ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನ ಅಪರೂಪದ ದಾಖಲೆಗಳ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಇಲ್ಲಿ ಆಯ್ದುಕೊಂಡಿದ್ದೇವೆ. ಒಟ್ಟು ಲೆಕ್ಕಗಳೆಲ್ಲ 2025ರ ಋತು ಮುಗಿಯುವವರೆಗಿನವು.

ಪ್ರಶ್ನೆ: ನೋ-ಹಿಟರ್‌ಗೂ ಪರ್ಫೆಕ್ಟ್ ಗೇಮ್‌ಗೂ ಏನು ವ್ಯತ್ಯಾಸ? ಒಂದೂ ಹಿಟ್ ಕೊಡದ ಪಿಚರ್ (ಚೆಂಡು ಎಸೆಯುವವ) ಸೋಲುವುದು ಸಾಧ್ಯವೇ?

ಉತ್ತರ: ಸಾಧ್ಯ, ಸೋತದ್ದೂ ಉಂಟು. ನೋ-ಹಿಟರ್ ಆಗಲು ಎದುರಾಳಿಗೆ ಹಿಟ್ (ಚೆಂಡು ಹೊಡೆದು, ಫೀಲ್ಡರ್ ತಪ್ಪಿಲ್ಲದೆ ಬೇಸ್ ಸೇರುವುದು) ಸಿಗಬಾರದು, ಅಷ್ಟೇ. ಗುರಿ ವಲಯದ ಹೊರಗೆ ನಾಲ್ಕು ಎಸೆತ (ಬಾಲ್) ಎಸೆದು ಬ್ಯಾಟರ್‌ಗೆ ಮೊದಲ ಬೇಸ್ ಬಿಟ್ಟುಕೊಡಬಹುದು (ವಾಕ್), ಚೆಂಡು ಬ್ಯಾಟರ್‌ನ ಮೈಗೆ ತಾಗಬಹುದು, ಫೀಲ್ಡರ್ ತಪ್ಪೆಸಗಬಹುದು. ಹೀಗೆ ಬೇಸ್ ಸೇರಿದವನು ಸುತ್ತು ಮುಗಿಸಿ ರನ್ ಗಳಿಸಿದರೂ ನೋ-ಹಿಟರ್‌ಗೆ ಧಕ್ಕೆಯಿಲ್ಲ. 1964ರ ಏಪ್ರಿಲ್ 23ರಂದು ಹ್ಯೂಸ್ಟನ್‌ನ ಕೆನ್ ಜಾನ್ಸನ್ ಒಂಬತ್ತು ಇನ್ನಿಂಗ್ಸ್ ಹಿಟ್ ಕೊಡದೆ ಎಸೆದು ಸಿನ್ಸಿನಾಟಿ ಎದುರು 1-0 ಅಂತರದಲ್ಲಿ ಸೋತರು. ಕೊನೆಯ ಇನ್ನಿಂಗ್‌ನಲ್ಲಿ ಪೀಟ್ ರೋಸ್ ಬಂಟ್ ಮಾಡಿದಾಗ (ಚೆಂಡನ್ನು ಮೆಲ್ಲಗೆ ತಟ್ಟಿದಾಗ) ಜಾನ್ಸನ್ ಅವರ ಥ್ರೋನೇ ದಾರಿ ತಪ್ಪಿತು. ಆಮೇಲೆ ಜೊತೆಗಾರನ ಇನ್ನೊಂದು ತಪ್ಪಿಗೆ ರೋಸ್ ಹೋಮ್ ಪ್ಲೇಟ್ ಮುಟ್ಟಿ ರನ್ ಗಳಿಸಿದರು. 2010ರಲ್ಲಿ ಎಡ್ವಿನ್ ಜಾಕ್ಸನ್ 8 ವಾಕ್ ಕೊಟ್ಟು, 149 ಎಸೆತ ಎಸೆದು ನೋ-ಹಿಟರ್ ಮುಗಿಸಿದರು. ಅದನ್ನು ಅಂದವಾದ ಪಿಚಿಂಗ್ ಎನ್ನಲಾಗದು, ಆದರೆ ದಾಖಲೆ ಪುಸ್ತಕ ಅಂದ ಕೇಳುವುದಿಲ್ಲ.

ಪರ್ಫೆಕ್ಟ್ ಗೇಮ್‌ನಲ್ಲಿ ಯಾವ ರಿಯಾಯಿತಿಯೂ ಇಲ್ಲ. ಬಂದ 27 ಮಂದಿಯೂ ಔಟ್. ಯಾರೊಬ್ಬರೂ ಯಾವ ಕಾರಣಕ್ಕೂ ಮೊದಲ ಬೇಸ್ ಮುಟ್ಟಬಾರದು. ನೋ-ಹಿಟರ್‌ಗಳು ಮುನ್ನೂರು ದಾಟಿವೆ. ಪರ್ಫೆಕ್ಟ್ ಗೇಮ್‌ಗಳು 24 ಮಾತ್ರ. ಕೊನೆಯದು 2023ರ ಜೂನ್ 28ರಂದು ಯಾಂಕೀಸ್‌ನ ಡೊಮಿಂಗೊ ಹೆರ್ಮಾನ್ ಅವರದು. ಪೋಸ್ಟ್‌ಸೀಸನ್‌ನಲ್ಲಿ (ಋತುವಿನ ನಂತರದ ಪ್ರಶಸ್ತಿ ಸುತ್ತುಗಳಲ್ಲಿ) ಇರುವುದು ಒಂದೇ ಒಂದು: 1956ರ ವರ್ಲ್ಡ್ ಸೀರೀಸ್‌ನ ಐದನೇ ಪಂದ್ಯದಲ್ಲಿ ಡಾನ್ ಲಾರ್ಸೆನ್ 97 ಎಸೆತಗಳಲ್ಲಿ ಮುಗಿಸಿದ್ದು.

ಪ್ರಶ್ನೆ: ಪರ್ಫೆಕ್ಟ್ ಗೇಮ್ ಎಷ್ಟು ಪಂದ್ಯಕ್ಕೊಮ್ಮೆ ಆಗಬೇಕು? ಮನೆಯಲ್ಲೇ ಲೆಕ್ಕ ಹಾಕುವ ದಾರಿ ಇದೆಯೇ?

ಉತ್ತರ: ಇದೆ, ಕ್ಯಾಲ್ಕುಲೇಟರ್ ಸಾಕು. ಸಾಧಾರಣ ಬ್ಯಾಟರ್ ಬೇಸ್ ಸೇರುವ ಪ್ರಮಾಣ .320 ಎಂದಿಟ್ಟುಕೊಳ್ಳಿ. ಹಾಗಾದರೆ ಅವನು ಔಟಾಗುವ ಸಂಭವ 0.68. ಇದನ್ನು 27 ಬಾರಿ ಗುಣಿಸಿದರೆ ಸುಮಾರು 33 ಸಾವಿರಕ್ಕೊಂದು ಎಂದು ಬರುತ್ತದೆ. ಈಗ ಎದುರಾಳಿಗಳನ್ನು .270ಕ್ಕೇ ಕಟ್ಟಿಹಾಕುವ ಉತ್ತಮ ಪಿಚರ್‌ನನ್ನು ತೆಗೆದುಕೊಳ್ಳಿ: 0.73ರ 27ನೇ ಘಾತ, ಅಂದರೆ ಸುಮಾರು 4,900ಕ್ಕೊಂದು. ಬೇಸ್ ಸೇರುವ ಪ್ರಮಾಣದಲ್ಲಿ .050 ಇಳಿದರೆ ಅವಕಾಶ ಏಳರಷ್ಟಾಗುತ್ತದೆ.

ಈ ಲೆಕ್ಕ ಒಂದು ವಿಷಯದಲ್ಲಿ ಉದಾರಿ. ಎರರ್‌ನಿಂದ (ಫೀಲ್ಡರ್‌ನ ತಪ್ಪಿನಿಂದ) ಬೇಸ್ ಸೇರಿದ್ದು ಆನ್-ಬೇಸ್ ಪ್ರಮಾಣದಲ್ಲಿ ಸೇರುವುದಿಲ್ಲ, ಆದರೆ ಪರ್ಫೆಕ್ಟ್ ಗೇಮ್ ಅನ್ನು ಕೆಡಿಸುತ್ತದೆ. ಹಾಗಾಗಿ ನಿಜವಾದ ಸಂಭವ ಇನ್ನೂ ಸ್ವಲ್ಪ ಕಡಿಮೆ.

ಉತ್ತಮ ಪಿಚರ್‌ಗೂ 4,900 ಪಂದ್ಯ ಬೇಕು ಎಂದ ಮೇಲೆ ಇದು ಪಿಚರ್‌ನ ಯೋಗ್ಯತೆ ಅಳೆಯುವ ಕೋಲಲ್ಲ ಎಂಬುದು ಗೊತ್ತಾಗುತ್ತದೆ. 5,714 ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಬ್ಯಾಟರ್‌ನನ್ನು ಔಟ್ ಮಾಡುವುದು), 7 ನೋ-ಹಿಟರ್‌ಗಳ ದಾಖಲೆ ಹೊಂದಿರುವ ನೋಲನ್ ರಯಾನ್ ಅವರಿಗೆ ಒಂದೂ ಪರ್ಫೆಕ್ಟ್ ಗೇಮ್ ದಕ್ಕಲಿಲ್ಲ. ವಾಕ್ ಕೊಡುವುದರಲ್ಲೂ ಅವರದೇ ದಾಖಲೆ, 2,795. ಕಾರಣ ಅಲ್ಲೇ ಇದೆ. 2012ರಲ್ಲಿ ಪರ್ಫೆಕ್ಟ್ ಗೇಮ್ ಸಾಧಿಸಿದ ಫಿಲಿಪ್ ಹಂಬರ್ ಅವರು ಇಡೀ ವೃತ್ತಿಜೀವನದಲ್ಲಿ ಗೆದ್ದದ್ದು 16 ಪಂದ್ಯ. ಅದೇ ವರ್ಷ ಮ್ಯಾಟ್ ಕೇನ್, ಫೆಲಿಕ್ಸ್ ಹೆರ್ನಾಂಡೆಸ್ ಅವರೂ ಸಾಧಿಸಿದರು. ಒಂದೇ ಋತುವಿನಲ್ಲಿ ಮೂರು! ಅಪರೂಪದ ಘಟನೆಗಳು ಸಮಾನ ಅಂತರದಲ್ಲಿ ಬರುವುದಿಲ್ಲ, ಕೆಲವೊಮ್ಮೆ ಗುಂಪಾಗಿಯೂ ಬೀಳುತ್ತವೆ.

ಪ್ರಶ್ನೆ: 12 ಇನ್ನಿಂಗ್ಸ್ ಪರ್ಫೆಕ್ಟ್ ಆಗಿ ಎಸೆದವರ ಹೆಸರು ಪಟ್ಟಿಯಲ್ಲಿ ಏಕಿಲ್ಲ?

ಉತ್ತರ: ನೀವು ಕೇಳುತ್ತಿರುವುದು ಪಿಟ್ಸ್‌ಬರ್ಗ್‌ನ ಹಾರ್ವಿ ಹ್ಯಾಡಿಕ್ಸ್ ಬಗ್ಗೆ. 1959ರ ಮೇ 26ರಂದು ಮಿಲ್ವಾಕಿ ಎದುರು ಅವರು ಸತತ 36 ಮಂದಿಯನ್ನು ಔಟ್ ಮಾಡಿದರು. ಆದರೆ ಅವರ ತಂಡಕ್ಕೂ ರನ್ ಬರಲಿಲ್ಲ. 13ನೇ ಇನ್ನಿಂಗ್‌ನಲ್ಲಿ ಮೂರನೇ ಬೇಸ್‌ನ ಡಾನ್ ಹೋಕ್ ಮಾಡಿದ ಎರರ್‌ನಿಂದ ಪರ್ಫೆಕ್ಟ್ ಗೇಮ್ ಹೋಯಿತು, ಜೋ ಆಡ್‌ಕಾಕ್ ಅವರ ಹೊಡೆತಕ್ಕೆ ನೋ-ಹಿಟರೂ ಹೋಯಿತು, ಪಂದ್ಯವೂ 1-0ಗೆ ಹೋಯಿತು. 1991ರಲ್ಲಿ ವ್ಯಾಖ್ಯೆಯನ್ನು ಬಿಗಿ ಮಾಡಿದರು: ಕನಿಷ್ಠ ಒಂಬತ್ತು ಇನ್ನಿಂಗ್ಸ್ ಆಗಿರಬೇಕು, ಪಂದ್ಯ ಮುಗಿಯುವವರೆಗೂ ಹಿಟ್ ಬಂದಿರಬಾರದು. 1995ರಲ್ಲಿ ಒಂಬತ್ತು ಇನ್ನಿಂಗ್ಸ್ ಪರ್ಫೆಕ್ಟ್ ಆಗಿದ್ದು ಹತ್ತನೆಯದರಲ್ಲಿ ಹಿಟ್ ಕೊಟ್ಟ ಪೆಡ್ರೊ ಮಾರ್ಟಿನೆಸ್ ಅವರೂ ಇದೇ ಕಾರಣಕ್ಕೆ ಪಟ್ಟಿಯ ಹೊರಗೆ. ಪಂದ್ಯಕ್ಕೆ ಹಾಕಿದ ನಿಯಮವಾಗಿ ಇದು ಸರಿಯೇ. ಆದರೂ 27 ಮಂದಿಯ ಸಾಧನೆ ಒಳಗೆ, 36 ಮಂದಿಯದು ಹೊರಗೆ ಎಂಬುದು ನಮಗೆ ಇವತ್ತಿಗೂ ಒಗ್ಗಿಲ್ಲ.

ಇನ್ನೊಬ್ಬ ಓದುಗರು ಅರ್ಮಾಂಡೊ ಗಲರಾಗಾ ಬಗ್ಗೆ ಕೇಳಿದ್ದಾರೆ. 2010ರ ಜೂನ್ 2ರಂದು 26 ಮಂದಿ ಔಟಾದ ಮೇಲೆ 27ನೆಯವನನ್ನು ಮೊದಲ ಬೇಸ್ ಅಂಪೈರ್ ಜಿಮ್ ಜಾಯ್ಸ್ 'ಸೇಫ್' ಎಂದರು. ತಪ್ಪಾಗಿತ್ತು, ವಿಡಿಯೊ ನೋಡಿ ಅವರೇ ಒಪ್ಪಿಕೊಂಡರು. ಗಲರಾಗಾ ಮುಂದಿನವನನ್ನು ಔಟ್ ಮಾಡಿ ಪಂದ್ಯ ಮುಗಿಸಿದರು, ದಾಖಲೆ ಮಾತ್ರ ಒಂದು ಹಿಟ್‌ನ ಪಂದ್ಯವೆಂದೇ ಉಳಿಯಿತು. ಇಂಥ ತೀರ್ಪುಗಳಿಗೆ ವಿಡಿಯೊ ಪರಿಶೀಲನೆ ಬಂದದ್ದು 2014ರಲ್ಲಿ.

ಪ್ರಶ್ನೆ: ಪರ್ಫೆಕ್ಟ್ ಆಗಿ ಎಸೆಯುತ್ತಿರುವಾಗಲೇ ಪಿಚರ್‌ನನ್ನು ಹೊರಗೆ ಕರೆಯುತ್ತಾರಲ್ಲ, ಏಕೆ?

ಉತ್ತರ: ತೋಳಿನ ಮೇಲಿನ ಕಾಳಜಿಗೆ. 2022ರ ಏಪ್ರಿಲ್ 13ರಂದು ಕ್ಲೇಟನ್ ಕರ್ಶಾ ಅವರನ್ನು ಏಳು ಪರ್ಫೆಕ್ಟ್ ಇನ್ನಿಂಗ್ಸ್ ಆದ ಮೇಲೆ, 80 ಎಸೆತಕ್ಕೇ ನಿಲ್ಲಿಸಿದರು. ಋತುವಿನ ಆರಂಭದಲ್ಲಿ ಎಸೆತಗಳನ್ನು ನಿಧಾನವಾಗಿ ಏರಿಸುವುದು ವಾಡಿಕೆ. ಜಪಾನ್‌ನಲ್ಲಿ ಅದೇ ತಿಂಗಳು ರೋಕಿ ಸಸಾಕಿ 19 ಸ್ಟ್ರೈಕ್‌ಔಟ್‌ಗಳ ಪರ್ಫೆಕ್ಟ್ ಗೇಮ್ ಎಸೆದರು, ಅದರಲ್ಲಿ 13 ಸತತ. ಮುಂದಿನ ಸರದಿಯಲ್ಲಿ ಎಂಟು ಪರ್ಫೆಕ್ಟ್ ಇನ್ನಿಂಗ್ಸ್ ಆದ ಮೇಲೆ ಅವರನ್ನೂ ಹಿಂದಕ್ಕೆ ಕರೆದರು.

ಪ್ರಶ್ನೆ: ಸತತ 56 ಪಂದ್ಯಗಳಲ್ಲಿ ಹಿಟ್ ಹೊಡೆದ ಡಿಮ್ಯಾಜಿಯೊ ಅವರ ಸರಣಿಯನ್ನು ಯಾರೂ ಮುರಿಯಲಾರರು ಎನ್ನುತ್ತಾರೆ. ನಿಜವೇ? ವಾಕ್ ಮಾತ್ರ ಸಿಕ್ಕ ದಿನ ಸರಣಿ ಮುರಿಯುತ್ತದೆಯೇ?

ಉತ್ತರ: ಎರಡನೆಯದನ್ನು ಮೊದಲು ನೋಡೋಣ. ಆ ಪಂದ್ಯದ ಎಲ್ಲ ಸರದಿಗಳೂ ವಾಕ್, ಮೈಗೆ ತಾಗಿದ ಚೆಂಡು, ಫೀಲ್ಡರ್‌ನ ಅಡ್ಡಿ ಅಥವಾ ಸ್ಯಾಕ್ರಿಫೈಸ್ ಬಂಟ್‌ನಲ್ಲಿ (ತಾನು ಔಟಾಗಿ ಜೊತೆಗಾರನನ್ನು ಮುಂದಿನ ಬೇಸ್‌ಗೆ ಸಾಗಿಸುವ ಬಂಟ್) ಮುಗಿದಿದ್ದರೆ ಸರಣಿ ಉಳಿಯುತ್ತದೆ. ಹಿಟ್ ಇಲ್ಲದೆ ಸ್ಯಾಕ್ರಿಫೈಸ್ ಫ್ಲೈ (ತಾನು ಕ್ಯಾಚ್‌ಗೆ ಔಟಾಗಿ ಜೊತೆಗಾರನಿಗೆ ರನ್ ಕೊಡಿಸುವ ಎತ್ತರದ ಹೊಡೆತ) ಹೊಡೆದರೆ ಮುರಿಯುತ್ತದೆ. ಬ್ಯಾಟಿಂಗ್ ಸರಾಸರಿಗೆ ಈ ಎರಡು ಸ್ಯಾಕ್ರಿಫೈಸ್‌ಗಳೂ ಲೆಕ್ಕಕ್ಕಿಲ್ಲ, ಸರಣಿಗೆ ಮಾತ್ರ ಭೇದ. ಹೆಚ್ಚು ಜನ ಎಡವುವುದು ಇಲ್ಲೇ.

ಈಗ ಮುಖ್ಯ ವಿಷಯ. ಸರಣಿಗೆ ಸರಾಸರಿಯಷ್ಟೇ ಮುಖ್ಯ, ದಿನಕ್ಕೆ ಎಷ್ಟು ಬಾರಿ ಹೊಡೆಯಲು ಸಿಗುತ್ತದೆ ಎಂಬುದು. ಸರಾಸರಿ .350, ದಿನಕ್ಕೆ 4 ಅವಕಾಶ ಎಂದರೆ ಕನಿಷ್ಠ ಒಂದು ಹಿಟ್ ಸಿಗುವ ಸಂಭವ: 0.65ನ್ನು ನಾಲ್ಕು ಬಾರಿ ಗುಣಿಸಿ 1ರಿಂದ ಕಳೆಯಿರಿ, 0.82 ಬರುತ್ತದೆ. ಗೊತ್ತುಪಡಿಸಿದ ಒಂದು ದಿನ ಶುರುವಾಗಿ 56 ದಿನ ಹೀಗೇ ನಡೆಯುವ ಸಂಭವ ಸುಮಾರು 60 ಸಾವಿರಕ್ಕೊಂದು. ಸರಾಸರಿ .300 ಆದರೆ 47-48 ಲಕ್ಷಕ್ಕೊಂದು. ಇನ್ನೊಂದು ನೋಡಿ: ಸರಾಸರಿ .400, ಆದರೆ ದಿನಕ್ಕೆ 3 ಅವಕಾಶ. ಸಂಭವ 0.784ಕ್ಕಿಳಿದು, 56ಕ್ಕೆ ಸುಮಾರು 8 ಲಕ್ಷಕ್ಕೊಂದಾಗುತ್ತದೆ. ಉತ್ತಮ ಬ್ಯಾಟರ್‌ಗೇ ಕಡಿಮೆ ಸಂಭವ!

1941ರಲ್ಲಿ ನಡೆದದ್ದೂ ಇದೇ. ಜೋ ಡಿಮ್ಯಾಜಿಯೊ ಆ ವರ್ಷ 139 ಪಂದ್ಯಗಳಲ್ಲಿ 541 ಬಾರಿ ಹೊಡೆಯಲು ನಿಂತು .357 ಗಳಿಸಿದರು. ಟೆಡ್ ವಿಲಿಯಮ್ಸ್ 143 ಪಂದ್ಯಗಳಲ್ಲಿ 456 ಮಾತ್ರ, ಏಕೆಂದರೆ 140ಕ್ಕೂ ಹೆಚ್ಚು ವಾಕ್ ಪಡೆದರು. ವಿಲಿಯಮ್ಸ್ .406 ಗಳಿಸಿದರು, 56 ಡಿಮ್ಯಾಜಿಯೊ ಪಾಲಾಯಿತು. ಡಿಮ್ಯಾಜಿಯೊ ಆ ಋತುವಿಡೀ 30 ಹೋಮ್ ರನ್ ಹೊಡೆದು ಸ್ಟ್ರೈಕ್‌ಔಟ್ ಆದದ್ದು 13 ಬಾರಿ. ಚೆಂಡಿಗೆ ಬ್ಯಾಟ್ ತಾಗಿಸುವವನಿಗೇ ಹಿಟ್ ಸಿಗುವ ಅದೃಷ್ಟವೂ ಇರುತ್ತದೆ. ಈಗಿನ ಹೊಡೆತಗಾರರು ವಾಕ್‌ಗೆ ಕಾಯುತ್ತಾರೆ, ಸ್ಟ್ರೈಕ್‌ಔಟ್‌ಗೆ ಅಂಜುವುದಿಲ್ಲ. ಎರಡೂ ಸರಣಿಗೆ ಮಾರಕ. 1978ರಲ್ಲಿ ರೋಸ್ 44ರವರೆಗೆ ಬಂದದ್ದೇ ಆಮೇಲಿನ ಅತಿ ಹತ್ತಿರದ ಪ್ರಯತ್ನ. ಯಾರೂ ಮುರಿಯಲಾರರು ಎನ್ನುವಷ್ಟು ಧೈರ್ಯ ನಮಗಿಲ್ಲ, ಮುರಿಯುತ್ತಾರೆಂದು ಪಣ ಕಟ್ಟುವುದೂ ಇಲ್ಲ.

ಪ್ರಶ್ನೆ: ವಿಲಿಯಮ್ಸ್ ಅವರ .406 ಈಗಿನ ನಿಯಮದಲ್ಲಿ ಎಷ್ಟಾಗುತ್ತಿತ್ತು?

ಉತ್ತರ: ಇನ್ನೂ ಮೇಲೆ. ಆಗ ಸ್ಯಾಕ್ರಿಫೈಸ್ ಫ್ಲೈಯನ್ನು ಸಾಮಾನ್ಯ ಔಟ್ ಎಂದೇ ಲೆಕ್ಕಕ್ಕೆ ಹಿಡಿಯುತ್ತಿದ್ದರು. ಕೊನೆಯ ದಿನ ಅವರ ಸರಾಸರಿ .39955 ಇತ್ತು; ಆಡದೆ ಕೂತಿದ್ದರೂ .400 ಎಂದೇ ದಾಖಲಾಗುತ್ತಿತ್ತು. ಆಡಿದರು, ಎರಡು ಪಂದ್ಯಗಳಲ್ಲಿ 8ಕ್ಕೆ 6 ಹಿಟ್ ಹೊಡೆದರು. ಒಂದು ಮಾತು: 2024ರಲ್ಲಿ ಕಪ್ಪು ಆಟಗಾರರ ಹಳೆಯ ನೀಗ್ರೋ ಲೀಗ್‌ಗಳ ಅಂಕಿಗಳನ್ನು ಅಧಿಕೃತ ದಾಖಲೆಗೆ ಸೇರಿಸಿದ ಮೇಲೆ ಒಂದು ಋತುವಿನ ಅತ್ಯುನ್ನತ ಸರಾಸರಿ ಜಾಶ್ ಗಿಬ್ಸನ್ ಅವರ ಹೆಸರಿನಲ್ಲಿದೆ, 1943ರ .466. ವೃತ್ತಿಜೀವನದ ದಾಖಲೆಯೂ ಅವರದೇ, .372, ಟೈ ಕಾಬ್ .367ರೊಂದಿಗೆ ಎರಡನೆಯವರು. ಹಳೆಯ ಪುಸ್ತಕ ನೋಡಿ ವಾದಕ್ಕಿಳಿಯಬೇಡಿ.

ಪ್ರಶ್ನೆ: ಬ್ಯಾಟಿಂಗ್ ಪ್ರಶಸ್ತಿಗೆ 502 ಸರದಿ ಬೇಕಲ್ಲ. 1996ರಲ್ಲಿ 498 ಸರದಿಗೆ ಟೋನಿ ಗ್ವಿನ್ ಹೇಗೆ ಗೆದ್ದರು?

ಉತ್ತರ: ಪಂದ್ಯಕ್ಕೆ 3.1ರಂತೆ 162 ಪಂದ್ಯಕ್ಕೆ 502. ಕೊರತೆ ಬಿದ್ದ ಸರದಿಗಳನ್ನು ಹಿಟ್ ಇಲ್ಲದ ಅವಕಾಶಗಳೆಂದು ಸೇರಿಸಿ ನೋಡುತ್ತಾರೆ. ಆಗಲೂ ಮುಂದಿದ್ದರೆ ಪ್ರಶಸ್ತಿ. ವಾಕ್ ಮುಂತಾದವನ್ನು ಬಿಟ್ಟರೆ ಗ್ವಿನ್ ಅವರದು 451 ಅವಕಾಶಕ್ಕೆ 159 ಹಿಟ್. ನಾಲ್ಕು ಸೇರಿಸಿ 455ಕ್ಕೆ 159 ಮಾಡಿದರೂ .349 ಉಳಿಯಿತು, ಎರಡನೆಯವರದು .344. ದಾಖಲೆಯಲ್ಲಿ ಮಾತ್ರ ಅವರ ನಿಜವಾದ .353 ಇರುತ್ತದೆ.

ಪ್ರಶ್ನೆ: ಸೈಕಲ್ ಕಷ್ಟವೋ, ಒಂದೇ ಪಂದ್ಯದಲ್ಲಿ ನಾಲ್ಕು ಹೋಮ್ ರನ್ ಕಷ್ಟವೋ?

ಉತ್ತರ: ನಾಲ್ಕು ಹೋಮ್ ರನ್, ಅನುಮಾನವೇ ಇಲ್ಲ. ಒಂದೇ ಪಂದ್ಯದಲ್ಲಿ ಸಿಂಗಲ್, ಡಬಲ್, ಟ್ರಿಪಲ್, ಹೋಮ್ ರನ್ (ಕ್ರಮವಾಗಿ ಒಂದು, ಎರಡು, ಮೂರು, ನಾಲ್ಕು ಬೇಸ್‌ಗಳ ಹಿಟ್) ನಾಲ್ಕೂ ಹೊಡೆದರೆ ಸೈಕಲ್. ಅದು ಮುನ್ನೂರಕ್ಕೂ ಹೆಚ್ಚು ಬಾರಿ ಆಗಿದೆ. ನಾಲ್ಕು ಹೋಮ್ ರನ್ 21 ಬಾರಿ ಮಾತ್ರ, ಅದರಲ್ಲಿ ಮೂರು 2025ರಲ್ಲೇ: ಯುಹೇನಿಯೊ ಸುವಾರೆಸ್, ನಿಕ್ ಕರ್ಟ್ಸ್, ಕೈಲ್ ಶ್ವಾರ್ಬರ್. ಸುವಾರೆಸ್ ನಾಲ್ಕು ಹೊಡೆದೂ ಅವರ ತಂಡ ಸೋತಿತು. ಕರ್ಟ್ಸ್ ಹೊಸಬ, ಆರಕ್ಕೆ ಆರು ಹಿಟ್ ಹೊಡೆದು, ನಾಲ್ಕು ಹೋಮ್ ರನ್ ಜೊತೆ ಒಂದು ಡಬಲ್, ಒಂದು ಸಿಂಗಲ್ ಸೇರಿಸಿ 19 ಬೇಸ್ ಗಳಿಸಿದರು, 2002ರ ಶಾನ್ ಗ್ರೀನ್ ದಾಖಲೆಗೆ ಸಮ.

ಸೈಕಲ್ ಸಾಮಾನ್ಯವಾಗಿ ನಿಲ್ಲುವುದು ಟ್ರಿಪಲ್ ಸಿಗದೆ. ಅದಕ್ಕೆ ಓಟದ ಜೊತೆಗೆ ಮೈದಾನದ ಆಳವಾದ ಮೂಲೆಯೂ ಬೇಕು, ಚೆಂಡು ಗೋಡೆಗೆ ಬಡಿದು ಫೀಲ್ಡರ್‌ನಿಂದ ದೂರ ಸರಿಯುವುದೂ ಬೇಕು. ಸೈಕಲ್‌ಗಿಂತ ಎರಡು ಹೋಮ್ ರನ್, ಎರಡು ಡಬಲ್ ತಂಡಕ್ಕೆ ಹೆಚ್ಚು ಲಾಭ ಎಂಬುದನ್ನು ಮರೆಯಬೇಡಿ: 12 ಬೇಸ್, ಸೈಕಲ್‌ನದು 10. ಕ್ರಿಶ್ಚಿಯನ್ ಯೆಲಿಚ್ ಮೂರು ಸೈಕಲ್ ಹೊಡೆದಿದ್ದಾರೆ, ಮೂರೂ ಸಿನ್ಸಿನಾಟಿ ಎದುರೇ.

ಪ್ರಶ್ನೆ: ಒಂದು ಇನ್ನಿಂಗ್‌ನಲ್ಲಿ ನಾಲ್ಕು ಸ್ಟ್ರೈಕ್‌ಔಟ್ ಹೇಗೆ ಸಾಧ್ಯ? ಔಟ್ ಮೂರೇ ಅಲ್ಲವೇ?

ಉತ್ತರ: ಮೂರನೇ ಸ್ಟ್ರೈಕನ್ನು ಕ್ಯಾಚರ್ ಹಿಡಿಯದೆ ಬಿಟ್ಟರೆ, ಮೊದಲ ಬೇಸ್ ಖಾಲಿ ಇದ್ದಾಗ ಅಥವಾ ಎರಡು ಔಟ್ ಆಗಿದ್ದಾಗ ಬ್ಯಾಟರ್ ಓಡಬಹುದು. ಅವನು ಬೇಸ್ ಮುಟ್ಟಿದರೂ ಪಿಚರ್‌ನ ಖಾತೆಗೆ ಸ್ಟ್ರೈಕ್‌ಔಟ್ ಬೀಳುತ್ತದೆ, ಔಟ್ ಬೀಳುವುದಿಲ್ಲ. ಒಂಬತ್ತೇ ಎಸೆತಕ್ಕೆ ಮೂರು ಸ್ಟ್ರೈಕ್‌ಔಟ್ ಮಾಡುವ ಇಮ್ಯಾಕ್ಯುಲೇಟ್ ಇನ್ನಿಂಗ್ ನೂರಕ್ಕೂ ಹೆಚ್ಚು ಬಾರಿ ಆಗಿದೆ. ಎರಡು ಸ್ಟ್ರೈಕ್ ಆದ ಮೇಲೆ ಒಂದು ಫೌಲ್ ಹೋದರೂ ಅದು ಕೆಡುತ್ತದೆ. 2022ರ ಜೂನ್ 15ರಂದು ಹ್ಯೂಸ್ಟನ್‌ನ ಲೂಯಿಸ್ ಗಾರ್ಸಿಯಾ, ಫಿಲ್ ಮೇಟನ್ ಇಬ್ಬರೂ ಒಂದೇ ಪಂದ್ಯದಲ್ಲಿ, ಟೆಕ್ಸಸ್‌ನ ಅದೇ ಮೂವರು ಬ್ಯಾಟರ್‌ಗಳ ಮೇಲೆ ಇದನ್ನು ಸಾಧಿಸಿದರು.

ಒಂಬತ್ತು ಇನ್ನಿಂಗ್ಸ್‌ನಲ್ಲಿ 20 ಸ್ಟ್ರೈಕ್‌ಔಟ್ ಐದು ಬಾರಿ ಆಗಿದೆ: ರೋಜರ್ ಕ್ಲೆಮೆನ್ಸ್ 1986 ಮತ್ತು 1996, ಕೆರಿ ವುಡ್ 1998, ರ‍್ಯಾಂಡಿ ಜಾನ್ಸನ್ 2001, ಮ್ಯಾಕ್ಸ್ ಶೆರ್ಝರ್ 2016. ಐದೂ ಪಂದ್ಯಗಳಲ್ಲಿ ಒಂದೇ ಒಂದು ವಾಕ್ ಇಲ್ಲ. ವಾಕ್‌ಗೆ ಎಸೆತ ವ್ಯಯ ಮಾಡಿದವನಿಗೆ ಒಂಬತ್ತನೇ ಇನ್ನಿಂಗ್ ಸಿಗುವುದೇ ಕಷ್ಟ. ಶೆರ್ಝರ್ ಎಸೆದ 119ರಲ್ಲಿ 96 ಸ್ಟ್ರೈಕ್.

ಪ್ರಶ್ನೆ: ನಾನು ಹಾಕಿದ ಇಆರ್‌ಎ (ಪಿಚರ್ ಒಂಬತ್ತು ಇನ್ನಿಂಗ್ಸ್‌ಗೆ ಸರಾಸರಿ ಕೊಡುವ ಅರ್ನ್‌ಡ್ ರನ್) ಅಧಿಕೃತ ಅಂಕಿಗೆ ಹೊಂದುತ್ತಿಲ್ಲ. ಎಲ್ಲಿ ತಪ್ಪಿದೆ?

ಉತ್ತರ: ಬಹುಶಃ ಚುಕ್ಕಿಯಲ್ಲಿ. 6.2 ಇನ್ನಿಂಗ್ಸ್ ಎಂದರೆ ಆರು ಪೂರ್ತಿ, ಜೊತೆಗೆ ಎರಡು ಔಟ್, ಅಂದರೆ ಆರೂ ಮೂರನೇ ಎರಡು. ಕ್ಯಾಲ್ಕುಲೇಟರ್‌ಗೆ 6.2 ಎಂದೇ ಕೊಟ್ಟರೆ ಮೂರು ಅರ್ನ್‌ಡ್ ರನ್‌ಗೆ (ಫೀಲ್ಡರ್ ತಪ್ಪಿಲ್ಲದೆ ಬಂದ ರನ್) 4.35 ಬರುತ್ತದೆ, ಸರಿಯಾದದ್ದು 4.05. ಔಟ್‌ಗಳನ್ನು ಎಣಿಸುವುದು ಸುರಕ್ಷಿತ: ರನ್ ಗುಣಿಸು 27, ಭಾಗಿಸು ಒಟ್ಟು ಔಟ್. 1968ರ ಬಾಬ್ ಗಿಬ್ಸನ್ ಅವರನ್ನು ಹೀಗೆ ಪರೀಕ್ಷಿಸಿ: 38 ರನ್, 914 ಔಟ್, ಉತ್ತರ 1.12. ಅಷ್ಟು ಎಸೆದೂ ಅವರು 9 ಪಂದ್ಯ ಸೋತರು. ಮರುವರ್ಷ ಪಿಚರ್‌ನ ದಿಬ್ಬವನ್ನು 15 ಇಂಚಿನಿಂದ 10ಕ್ಕೆ ಇಳಿಸಿದರು.

ಪ್ರಶ್ನೆ: ಒಹ್ತಾನಿ ಅವರ 50-50ಯನ್ನು (ಒಂದೇ ಋತುವಿನಲ್ಲಿ 50 ಹೋಮ್ ರನ್, 50 ಕದ್ದ ಬೇಸ್) ಹಳೆಯ 40-40ಗಳ ಜೊತೆ ಇಟ್ಟು ನೋಡಬಹುದೇ?

ಉತ್ತರ: ನೋಡಬಹುದು, ನಿಯಮ ಬದಲಾದದ್ದನ್ನು ನೆನಪಿಟ್ಟುಕೊಂಡು. 2023ರಿಂದ ಬೇಸ್ 15 ಇಂಚಿನಿಂದ 18 ಇಂಚಿಗೆ ದೊಡ್ಡದಾಯಿತು, ಬೇಸ್‌ನತ್ತ ಚೆಂಡು ಎಸೆದು ಓಟಗಾರನನ್ನು ಹೆದರಿಸಲು ಪಿಚರ್‌ಗೆ ಲೆಕ್ಕದ ಅವಕಾಶ ಮಾತ್ರ ಉಳಿಯಿತು. ಲೀಗ್‌ನಲ್ಲಿ ಕದ್ದ ಬೇಸ್‌ಗಳು (ಹೊಡೆತಕ್ಕೆ ಕಾಯದೆ ಓಡಿ ಸೇರಿದ ಮುಂದಿನ ಬೇಸ್‌ಗಳು) 2022ರ 2,486ರಿಂದ ಒಂದೇ ವರ್ಷಕ್ಕೆ 3,503ಕ್ಕೇರಿದವು. 1988ರಲ್ಲಿ ಹೋಸೆ ಕ್ಯಾನ್ಸೆಕೊ 40 ಬೇಸ್ ಕದ್ದದ್ದು ಹಳೆಯ ಬಿಗಿಯಲ್ಲಿ. ಹಾಗೆಂದು ಶೋಹೈ ಒಹ್ತಾನಿ ಅವರ 2024ರ ಸಾಧನೆ ಸಣ್ಣದಲ್ಲ: 54 ಹೋಮ್ ರನ್‌ಗೆ ಯಾವ ನಿಯಮವೂ ನೆರವಾಗಿಲ್ಲ, ಬೇಸ್ ಕದಿಯುವ 63 ಯತ್ನಗಳಲ್ಲಿ 59 ಫಲಿಸಿವೆ. 50 ದಾಟಿದ ಸೆಪ್ಟೆಂಬರ್ 19ರಂದು ಅವರು ಆರಕ್ಕೆ ಆರು ಹಿಟ್, 3 ಹೋಮ್ ರನ್, 10 ಆರ್‌ಬಿಐ (ತನ್ನ ಹೊಡೆತದಿಂದ ತಂಡಕ್ಕೆ ಬಂದ ರನ್) ಗಳಿಸಿದರು.

ಪ್ರಶ್ನೆ: ಒಬ್ಬನೇ, ಒಂದೇ ಇನ್ನಿಂಗ್‌ನಲ್ಲಿ, ಒಬ್ಬನೇ ಪಿಚರ್ ಮೇಲೆ ಎರಡು ಗ್ರ್ಯಾಂಡ್ ಸ್ಲ್ಯಾಮ್ (ಮೂರೂ ಬೇಸ್‌ಗಳಲ್ಲಿ ಓಟಗಾರರಿದ್ದಾಗಿನ ಹೋಮ್ ರನ್) ಹೊಡೆದದ್ದು ನಿಜವೇ?

ಉತ್ತರ: ನಿಜ. 1999ರ ಏಪ್ರಿಲ್ 23, ಡಾಡ್ಜರ್ ಸ್ಟೇಡಿಯಂ, ಮೂರನೇ ಇನ್ನಿಂಗ್. ಹೊಡೆದವರು ಸೇಂಟ್ ಲೂಯಿಸ್‌ನ ಫರ್ನಾಂಡೊ ಟಟೀಸ್, ಎಸೆದವರು ಚಾನ್ ಹೋ ಪಾರ್ಕ್. ಇದಕ್ಕೆ ಬ್ಯಾಟರ್‌ನ ಬಲದಷ್ಟೇ ಎದುರಾಳಿ ಮ್ಯಾನೇಜರ್‌ನ ತಾಳ್ಮೆಯೂ ಬೇಕು. ಈಗಿನ ದಿನಗಳಲ್ಲಿ ಅಷ್ಟು ಹೊಡೆತ ತಿಂದ ಪಿಚರ್‌ನನ್ನು ಎರಡನೆಯದು ಬೀಳುವವರೆಗೆ ನಿಲ್ಲಿಸಿಕೊಳ್ಳುವವರು ವಿರಳ.