‘ಸಾವನ್ನು ಮೊದಲೇ ಹಾಡಿದವನು’ ಲೇಖನದ ಬಗ್ಗೆ

ಮಾನ್ಯರೇ,

ಪಂಜಾಬಿ ರ‍್ಯಾಪ್ ಗಾಯಕ ಸಿಧು ಮೂಸೆವಾಲಾ ಕುರಿತು ನೀವು ಕಳಿಸಿದ ‘ಸಾವನ್ನು ಮೊದಲೇ ಹಾಡಿದವನು’ ಲೇಖನವನ್ನು ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗದು. ಆದರೂ ಹಾಡುಗಳನ್ನು ನೀವು ಕಿವಿಗೊಟ್ಟು ಕೇಳಿದ್ದೀರಿ ಎಂಬುದು ಅಲ್ಲಲ್ಲಿ ಗೊತ್ತಾಗುವುದರಿಂದ, ಎರಡು ಸಾಲಿನ ವಿಷಾದಪತ್ರ ಕಳಿಸಿ ಕೈತೊಳೆದುಕೊಳ್ಳದೆ ತುಸು ವಿವರವಾಗಿಯೇ ಬರೆಯುತ್ತಿದ್ದೇನೆ.

ಮುಖ್ಯ ತೊಡಕು ಶೀರ್ಷಿಕೆಯಲ್ಲೇ ಇದೆ. 2022ರ ಮೇ 29ರಂದು ಮಾನ್ಸಾ ಜಿಲ್ಲೆಯ ಜವಾಹರ್ಕೆ ಗ್ರಾಮದಲ್ಲಿ ಗುಂಡೇಟಿಗೆ ಬಲಿಯಾದಾಗ ಆತನಿಗೆ 28 ವರ್ಷ. ನೀವು ಆ ದಿನದ ಮೇಲೆ ನಿಂತು, ಅದಕ್ಕೆ ಹಿಂದಿನ ಹಾಡುಗಳನ್ನೆಲ್ಲ ಶಕುನಗಳಂತೆ ಓದಿದ್ದೀರಿ. ‘295’ ಎಂಬ ಹಾಡಿನ ಹೆಸರಿನಲ್ಲಿ 29ನೆಯ ತಾರೀಖೂ 5ನೆಯ ತಿಂಗಳೂ ಇವೆಯೆಂದೂ, ಸಾವಿಗೆ ಎರಡು ವಾರ ಮೊದಲು ಬಂದ ‘ದಿ ಲಾಸ್ಟ್ ರೈಡ್’ ಹಾಡಿನ ಮುಖಚಿತ್ರದಲ್ಲಿ, 1996ರಲ್ಲಿ ಲಾಸ್ ವೇಗಾಸ್‌ನಲ್ಲಿ ಹತ್ಯೆಗೀಡಾದ ಅಮೆರಿಕದ ರ‍್ಯಾಪರ್ ಟುಪಾಕ್ ಶಕೂರ್‌ನ ಕಾರು ಇದೆಯೆಂದೂ ಮೂರು ಪುಟ ಬರೆದಿದ್ದೀರಿ. ಇವೆಲ್ಲ ಆ ದಿನಗಳಲ್ಲೇ ಎಲ್ಲರ ಮೊಬೈಲಿನಲ್ಲಿ ಸುತ್ತಿ ಹಳಸಿದ ಮಾತುಗಳು. ವರ್ಷಗಟ್ಟಲೆ ಶತ್ರು, ಬಂದೂಕು, ಸಾವುಗಳನ್ನೇ ಹಾಡಿದವನು ಕೊಲೆಯಾದರೆ ಹೊಂದುವ ಸಾಲು ಸಿಕ್ಕೇ ಸಿಗುತ್ತದೆ. ಟುಪಾಕ್ ಆತನಿಗೆ ಆರಾಧ್ಯನಾಗಿದ್ದ. ಆರಾಧ್ಯನ ಚಿತ್ರವನ್ನು ಹಾಕಿಕೊಳ್ಳಲು ಭವಿಷ್ಯ ತಿಳಿದಿರಬೇಕಿಲ್ಲ.

‘295’ ಹಾಡನ್ನು ಅದು ಹುಟ್ಟಿದ ಕಾಲದಲ್ಲೇ ಇಟ್ಟು ನೋಡಿ. ಅದು ಆಗ ಜಾರಿಯಲ್ಲಿದ್ದ ಭಾರತೀಯ ದಂಡಸಂಹಿತೆಯಲ್ಲಿ ಧರ್ಮಕ್ಕೆ ಸಂಬಂಧಿಸಿದ ಅಪರಾಧಗಳ ಸೆಕ್ಷನ್ ಸಂಖ್ಯೆಯಾಗಿತ್ತು. 2019ರಲ್ಲಿ ಆತನ ಹಾಡೊಂದರಲ್ಲಿ ಸಿಖ್ಖರು ಪೂಜ್ಯಳೆಂದು ಕಾಣುವ ವೀರವನಿತೆ ಮಾಯಿ ಭಾಗೋ ಹೆಸರು ಬಂದ ರೀತಿಗೆ ಆಕ್ರೋಶವೆದ್ದು, ಆತ ಕ್ಷಮೆ ಕೇಳಬೇಕಾಯಿತು. ಎರಡು ವರ್ಷಗಳ ನಂತರ ‘ಮೂಸ್‌ಟೇಪ್’ ಸಂಕಲನದಲ್ಲಿ ಬಂದ ಈ ಹಾಡು, ಧರ್ಮದ ಹೆಸರಿನಲ್ಲಿ ನಿತ್ಯ ಚರ್ಚೆ ನಡೆಯುತ್ತದೆ, ನಿಜ ಹೇಳಿದವನಿಗೆ ಈ ಸೆಕ್ಷನ್ ಬೀಳುತ್ತದೆ, ಮುಂದೆ ಬಂದವನಿಗೆ ದ್ವೇಷ ಸಿಗುತ್ತದೆ ಎಂದು ಮಗನಿಗೆ ಬುದ್ಧಿ ಹೇಳುವ ದನಿಯಲ್ಲಿ ಸಾಗುತ್ತದೆ. ಆತನ ಉಳಿದ ಹಾಡುಗಳ ಅಬ್ಬರ ಇಲ್ಲಿಲ್ಲ. ಪೆಟ್ಟು ತಿಂದವನು ತನಗೆ ತಾನೇ ಸಮಾಧಾನ ಹೇಳಿಕೊಳ್ಳುವ ಧಾಟಿಯಿದೆ. ಆ ಧಾಟಿಯನ್ನು ನೀವು ಗುರುತಿಸಿದ್ದೀರಿ, ಆದರೆ ಒಂದೇ ವಾಕ್ಯದಲ್ಲಿ ಮುಗಿಸಿ ತಾರೀಖಿನ ಲೆಕ್ಕಕ್ಕೆ ಹಾರಿದ್ದೀರಿ. ಆ ವಾಕ್ಯವೇ ನಿಮ್ಮ ಲೇಖನದ ಅತ್ಯುತ್ತಮ ವಾಕ್ಯವಾದ್ದರಿಂದ ಅದನ್ನು ಬೆಳೆಸಿ.

‘ಬಂದೂಕು ಆತನಿಗೆ ಕೇವಲ ರೂಪಕವಾಗಿತ್ತು’ ಎಂಬ ನಿಮ್ಮ ಮಾತನ್ನು ನಾನು ಒಪ್ಪುವುದಿಲ್ಲ. 2020ರ ಲಾಕ್‌ಡೌನ್ ಕಾಲದಲ್ಲಿ ಪೊಲೀಸರ ಸಮ್ಮುಖದಲ್ಲೇ ಆತ ಎಕೆ-47 ಹಾರಿಸುತ್ತಿದ್ದ ವಿಡಿಯೋ ಹೊರಬಂದು ಪ್ರಕರಣ ದಾಖಲಾಯಿತು. ಅದೇ ಜುಲೈನಲ್ಲಿ ತನ್ನನ್ನು, ಅಕ್ರಮ ಬಂದೂಕಿನ ಪ್ರಕರಣದಲ್ಲಿ ಜೈಲಿಗೆ ಹೋದ ನಟ ಸಂಜಯ್ ದತ್ ಜೊತೆ ಹೋಲಿಸಿಕೊಂಡು ‘ಸಂಜು’ ಎಂಬ ಹಾಡನ್ನೇ ಬಿಡುಗಡೆ ಮಾಡಿದ. ಕೇಸು ಬಿದ್ದದ್ದನ್ನೇ ಹಾಡಿನ ಬಂಡವಾಳ ಮಾಡಿಕೊಂಡವನ ವಕಾಲತ್ತನ್ನು ನೀವು ವಹಿಸಬೇಕಿಲ್ಲ. ಛೀಮಾರಿ ಹಾಕುವ ಅಗತ್ಯವೂ ಇಲ್ಲ. ನಡೆದದ್ದನ್ನು ನಡೆದ ಕ್ರಮದಲ್ಲಿ ಬರೆದರೆ ಓದುಗರು ತಾವೇ ತೂಗಿ ನೋಡುತ್ತಾರೆ.

ಬದುಕಿನ ಭಾಗ ತೀರಾ ತೆಳ್ಳಗಿದೆ. ‘ಬಡ ರೈತನ ಮಗ’ ಎಂಬುದು ಸಿನಿಮಾ ನಾಯಕನಿಗೆ ಒಪ್ಪುವ ಸಿದ್ಧ ವೇಷ. ತಂದೆ ಬಲ್ಕೌರ್ ಸಿಂಗ್ ಸೇನೆಯಲ್ಲಿದ್ದವರು. ತಾಯಿ ಚರಣ್ ಕೌರ್ ಮೂಸಾ ಗ್ರಾಮದ ಸರಪಂಚರಾದವರು. ಶುಭ್‌ದೀಪ್ ಸಿಂಗ್ ಸಿಧು ಎಂಬ ನಿಜ ಹೆಸರಿನ ಈ ಹುಡುಗ ಲೂಧಿಯಾನದಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಿದ, ‘ಲೈಸೆನ್ಸ್’ ಎಂಬ ಹಾಡನ್ನು ಇನ್ನೊಬ್ಬ ಗಾಯಕನಿಗೆ ಬರೆದುಕೊಟ್ಟ, ಪಂಜಾಬಿನ ಸಾವಿರಾರು ಯುವಕರಂತೆ ಕೆನಡಾದ ಬ್ರಾಂಪ್ಟನ್‌ಗೆ ಹೋದ, 2017ರ ‘ಸೋ ಹೈ’ ಹಾಡಿನಿಂದ ಮನೆಮಾತಾದ. ಹೆಸರು ಬಂದ ಮೇಲೆ ಮರಳಿ ಬಂದು ಊರಿನಲ್ಲೇ ನೆಲೆಸಿದ, ವಿಡಿಯೋಗಳಲ್ಲಿ ದುಬಾರಿ ಕಾರಿನಷ್ಟೇ ಠೀವಿಯಿಂದ ಟ್ರ್ಯಾಕ್ಟರನ್ನೂ ತೋರಿಸಿದ. ಮಕ್ಕಳನ್ನು ವಿದೇಶಕ್ಕೆ ಕಳಿಸಲು ಜಮೀನು ಮಾರುವ ನಾಡಿನಲ್ಲಿ ಈ ಮರಳುವಿಕೆಗೆ ಎಷ್ಟು ತೂಕವಿತ್ತೆಂದು ನೀವು ಕೇಳಿಕೊಂಡೇ ಇಲ್ಲ.

ಚುನಾವಣೆಯನ್ನು ಬಿಟ್ಟದ್ದು ಇನ್ನೂ ದೊಡ್ಡ ಲೋಪ. 2021ರ ಡಿಸೆಂಬರಿನಲ್ಲಿ ಕಾಂಗ್ರೆಸ್ ಸೇರಿ, ಮರುವರ್ಷದ ವಿಧಾನಸಭಾ ಚುನಾವಣೆಯಲ್ಲಿ ಮಾನ್ಸಾದಿಂದಲೇ ಸ್ಪರ್ಧಿಸಿ, ಆಮ್ ಆದ್ಮಿ ಪಕ್ಷದ ವಿಜಯ್ ಸಿಂಗ್ಲಾ ಎದುರು 63,000ಕ್ಕೂ ಹೆಚ್ಚು ಮತಗಳಿಂದ ಸೋತ. ಸೋಲಿನ ಕಹಿಯನ್ನು ‘ಸ್ಕೇಪ್‌ಗೋಟ್’ ಹಾಡಿನಲ್ಲಿ ಕಾರಿಕೊಂಡು ಮತ್ತೊಂದು ವಿವಾದಕ್ಕೆ ಸಿಕ್ಕಿಕೊಂಡ. ಹಾಡಿಗೆ ಕುಣಿದ ಜಿಲ್ಲೆಯೇ ಮತ ಕೊಡಲಿಲ್ಲವೇಕೆ? ಈ ಪ್ರಶ್ನೆಯನ್ನು ಹಿಡಿದು ಹೊರಟಿದ್ದರೆ ನಾನು ಬಹುಶಃ ಇಷ್ಟು ಉದ್ದದ ಪತ್ರ ಬರೆಯುತ್ತಿರಲಿಲ್ಲ, ನೇರ ಅಚ್ಚಿಗೆ ಕಳಿಸುತ್ತಿದ್ದೆ.

ಹತ್ಯೆಯ ಭಾಗವನ್ನು ಒಂದು ಪ್ಯಾರಾಕ್ಕೆ ಇಳಿಸಿ. ಹಿಂದಿನ ದಿನವಷ್ಟೇ ಪಂಜಾಬ್ ಸರ್ಕಾರ 424 ಮಂದಿಯ ಭದ್ರತೆಯನ್ನು ಕಡಿತಗೊಳಿಸಿದ್ದು, ಅದರಲ್ಲಿ ಆತನ ಹೆಸರೂ ಇದ್ದದ್ದು, ಥಾರ್ ಜೀಪಿನಲ್ಲಿ ಜೊತೆಗಿದ್ದ ಇಬ್ಬರು ಗಾಯಗೊಂಡು ಬದುಕುಳಿದದ್ದು: ಇಷ್ಟು ಸಾಕು. ಕೊಲೆಯ ಹೊಣೆ ಹೊತ್ತುಕೊಂಡ ಗ್ಯಾಂಗಿನವರು ಜಾಲತಾಣಗಳಲ್ಲಿ ಕೊಚ್ಚಿಕೊಂಡ ಮಾತುಗಳನ್ನು ನೀವು ಉದ್ದಕ್ಕೂ ಉದ್ಧರಿಸಿದ್ದೀರಿ. ಅವರಿಗೆ ಬೇಕಾದ ಪ್ರಚಾರವೂ ಅದೇ. ಆರೋಪಿಗಳನ್ನು ಆರೋಪಿಗಳೆಂದೇ ಕರೆಯಿರಿ.

ಅಲ್ಲಿ ಉಳಿದ ಜಾಗವನ್ನು ‘ಎಸ್‌ವೈಎಲ್’ ಹಾಡಿಗೆ ಕೊಡಿ. ಪಂಜಾಬ್ ಮತ್ತು ಹರಿಯಾಣ ನಡುವಿನ ಸಟ್ಲೆಜ್–ಯಮುನಾ ಜೋಡಣೆ ಕಾಲುವೆಯ ಜಗಳವನ್ನೆತ್ತಿಕೊಂಡು ಸಾವಿನ ನಂತರ, 2022ರ ಜೂನ್ 23ರಂದು ಬಂದ ಈ ಹಾಡು ಕೆಲವೇ ದಿನಗಳಲ್ಲಿ ಭಾರತದ ಯೂಟ್ಯೂಬಿನಿಂದ ಮಾಯವಾಯಿತು. ಕಾವೇರಿ ಗಲಾಟೆಯನ್ನು ಕಂಡ ನಮ್ಮ ಓದುಗರಿಗೆ, ನದಿ ನೀರಿನ ಹಾಡು ಏಕೆ ಇಷ್ಟು ಬಿಸಿಯಾಗುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ.

ಶೀರ್ಷಿಕೆ ಬದಲಿಸಿ, ‘ಧ್ರುವತಾರೆ’, ‘ಅಮರ’ ಮುಂತಾದ ಪದಗಳನ್ನು ತೆಗೆದು, ಎರಡು ಸಾವಿರ ಪದ ಮೀರದಂತೆ ಮತ್ತೆ ಬರೆದು ಕಳಿಸಿ. ಹಾಡಿನ ಸಾಲುಗಳನ್ನು ಅನುಮತಿಯಿಲ್ಲದೆ ಅಚ್ಚು ಮಾಡಲಾಗದು. ಭಾವವನ್ನು ನಿಮ್ಮ ಮಾತಿನಲ್ಲೇ ಹೇಳಿ.

ಇತಿ,
ಸಂಪಾದಕ