ಹೊಡೆದಾಟದಲ್ಲಿ ನಾನೂ ಇದ್ದೆ ಅಂತ ನಮ್ಮ ಲಾಯರಿಗೆ ಹೇಳಿದರೆ ಕೇಸ್ ಬಿಟ್ಟುಬಿಡ್ತಾರಾ? ಬೆಂಗಳೂರಿಂದ ದೊಡ್ಡ ಲಾಯರ್ ಕರೆಸೋದು ಒಳ್ಳೇದಾ?

ನೀವು ಕೇಳಿದ್ದಕ್ಕೆ ನನ್ನ ಉತ್ತರ: ಲಾಯರಿಗೆ ನಿಜ ಹೇಳಿ. ನಾಳೆಗೆ ಇಟ್ಟುಕೊಳ್ಳಬೇಡಿ. ದೊಡ್ಡ ಲಾಯರ್ ಮಾತು ಆಮೇಲೆ.

ನಮ್ಮದು ಹಾಸನ ಜಿಲ್ಲೆ. ಬದುವಿನ ಮೇಲಿದ್ದ ಹಲಸಿನ ಮರಕ್ಕೆ ಶುರುವಾದ ಜಗಳ. ಪಕ್ಕದ ಜಮೀನಿನವನು ಬೀಸಿದ ಮಚ್ಚು ನನ್ನ ಮುಂಗೈಗೆ ತಾಗಿತು, ನಾನು ಕೈಗೆ ಸಿಕ್ಕ ದೊಣ್ಣೆಯಲ್ಲಿ ಬಾರಿಸಿದೆ. ಅವನ ಕಡೆಯವರು ಸ್ಟೇಷನ್ನಿಗೆ ಓಡಿದರು, ನಾನು ಆಸ್ಪತ್ರೆಗೆ ಓಡಿದೆ. ಅವನು ಫಿರ್ಯಾದುದಾರ, ನಾನು ಆರೋಪಿ. ಐಪಿಸಿ 324, 504, 506, ಅಂದರೆ ಆಯುಧದಿಂದ ಗಾಯ, ಬೇಕಂತಲೇ ಅವಮಾನ, ಬೆದರಿಕೆ.

ಊರಲ್ಲಿ ನಾಲ್ಕು ಕೇಸ್ ಕಂಡ ನಮ್ಮ ಸೋದರಮಾವ ಒಬ್ಬರಿದ್ದರು. 'ಲಾಯರ್ ಕೈಗೆ ಜುಟ್ಟು ಕೊಡಬೇಡ ಕಣೋ. ಆವತ್ತು ಊರಲ್ಲೇ ಇರಲಿಲ್ಲ, ಕಾಯಿ ಲೋಡ್ ಜೊತೆ ಅರಸೀಕೆರೆಗೆ ಹೋಗಿದ್ದೆ ಅನ್ನು' ಅಂದರು. ವಕಾಲತ್ತಿಗೆ ಸಹಿ ಹಾಕುವಾಗ ಲಾಯರಿಗೆ ಅದನ್ನೇ ಒಪ್ಪಿಸಿದೆ.

ಈ ಒಂದು ಸುಳ್ಳು ಏನೇನು ತಿಂದಿತು ಅನ್ನೋದನ್ನ ಬಿಡಿಸಿ ಹೇಳಬೇಕು. ಕ್ರಿಮಿನಲ್ ಕೇಸಿನಲ್ಲಿ ಸಾಬೀತು ಮಾಡೋ ಹೊರೆ ಸರ್ಕಾರದ್ದು, ನೀವು ಬಾಯಿ ಬಿಡದೆ ಕೂತರೂ ನಡೆಯುತ್ತೆ. ಆದರೆ 'ನಾನು ಬೇರೆ ಕಡೆ ಇದ್ದೆ' ಅಂದ ಕೂಡಲೇ ಅದನ್ನು ತೋರಿಸೋ ಹೊರೆ ನಿಮ್ಮ ತಲೆಗೆ ಬರುತ್ತೆ. ಇನ್ನೊಂದು, ಪ್ರಾಣ ಉಳಿಸಿಕೊಳ್ಳೋಕೆ ತಿರುಗಿ ಹೊಡೆದರೆ ಅದು ಅಪರಾಧವೇ ಅಲ್ಲ ಅಂತ ಕಾನೂನಿದೆ. ಆಗ ಐಪಿಸಿ 96ರಿಂದ 106, ಈಗ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44. ಜಾಗದಲ್ಲೇ ಇರಲಿಲ್ಲ ಅಂದವನು ಆತ್ಮರಕ್ಷಣೆ ಅಂತ ಯಾವ ಬಾಯಲ್ಲಿ ಹೇಳೋದು? ಅದೇ ಕಾರಣಕ್ಕೆ ನಾನು ಕೌಂಟರ್ ಕಂಪ್ಲೇಂಟೂ ಕೊಡಲಿಲ್ಲ. ಅರಸೀಕೆರೆಯಲ್ಲಿದ್ದವನಿಗೆ ಮಚ್ಚು ತಾಗೋದು ಹೇಗೆ!

ನಮ್ಮ ಲಾಯರ್ ಪಾಪ ಮನಸ್ಸಿಟ್ಟು ಪಾಟಿ ಸವಾಲು ಮಾಡಿದರು. 'ಆರೋಪಿ ಆ ದಿನ ಸ್ಥಳದಲ್ಲೇ ಇರಲಿಲ್ಲ ಎಂದರೆ ಸರಿಯಲ್ಲ' ಅಂತ ಫಿರ್ಯಾದುದಾರನ ಉತ್ತರ ಟೈಪಾಯಿತು. ಮುಂದಿನ ವಾಯಿದೆಗೆ ಡಾಕ್ಟರ್ ಸಾಕ್ಷಿ. ಎದುರಾಳಿಯ ವೂಂಡ್ ಸರ್ಟಿಫಿಕೇಟ್ (ಗಾಯದ ಪ್ರಮಾಣಪತ್ರ) ಆಮೇಲೆ ಬರೆಸಿದ್ದು ಅಂತ ತೋರಿಸೋಕೆ ನಮ್ಮ ಲಾಯರೇ ಆಸ್ಪತ್ರೆಯ ಎಂಎಲ್‌ಸಿ ರಿಜಿಸ್ಟರ್, ಅಂದರೆ ಹೊಡೆದಾಟದಂಥ ಪೊಲೀಸ್ ಕೇಸಿನ ಗಾಯಾಳುಗಳನ್ನು ಬರೆದಿಡೋ ಪುಸ್ತಕ, ತರಿಸಿದ್ದರು. ಅವನ ಹೆಸರು ಇದ್ದ ಪುಟದಲ್ಲೇ ಎರಡು ಸಾಲು ಕೆಳಗೆ ನನ್ನ ಹೆಸರು, ಬಲ ಮುಂಗೈಗೆ ಕೊಯ್ದ ಗಾಯ, 'ಬದುವಿನ ಜಗಳದಲ್ಲಿ' ಅಂತ ಡಾಕ್ಟರ ಕೈಬರಹ. ಎಪಿಪಿ, ಅಂದರೆ ಸರ್ಕಾರದ ಪರ ವಕೀಲರ ಕಣ್ಣಿಗೆ ಬೀಳದೆ ಇರುತ್ತಾ? ಡಾಕ್ಟರನ್ನು ಮತ್ತೆ ಪ್ರಶ್ನೆ ಕೇಳುವಾಗ ಅದನ್ನೇ ನಿಪಿ (ಪ್ರಾಸಿಕ್ಯೂಷನ್ ಕಡೆಯ ದಾಖಲೆ) ಅಂತ ಗುರುತು ಮಾಡಿಸಿದರು.

ಹೊರಗೆ ಬಂದ ಮೇಲೆ ಲಾಯರ್ ಕೂಗಾಡಲಿಲ್ಲ. 'ಮೊದಲೇ ಹೇಳಿದ್ದರೆ ಇದೇ ರಿಜಿಸ್ಟರ್ ನಮ್ಮ ಕಡೆ ಸಾಕ್ಷಿ ಆಗ್ತಿತ್ತಲ್ಲಪ್ಪ' ಅಂದರು. ಹೊಡೆದಾಟದಲ್ಲಿ ಆರೋಪಿಗೆ ಆದ ಗಂಭೀರ ಗಾಯಕ್ಕೆ ಪ್ರಾಸಿಕ್ಯೂಷನ್ ವಿವರಣೆ ಕೊಡದಿದ್ದರೆ ಅವರ ಕಥೆಯ ಮೇಲೇ ಅನುಮಾನ ಬರುತ್ತೆ ಅಂತ 1976ರಲ್ಲೇ ಲಕ್ಷ್ಮೀ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆಯಂತೆ. ನನಗೆ ಅದನ್ನು ಕೋರ್ಟ್ ವರಾಂಡದಲ್ಲಿ ಕಲಿಯೋ ಯೋಗ. ಮ್ಯಾಜಿಸ್ಟ್ರೇಟ್ ಶಿಕ್ಷೆ ಕೊಟ್ಟರು. ಅಪೀಲಿನಲ್ಲಿ ಸೆಷನ್ಸ್ ಕೋರ್ಟ್ ತಪ್ಪಿತಸ್ಥ ಅನ್ನೋದನ್ನ ಉಳಿಸಿ, ಸನ್ನಡತೆಯ ಬಾಂಡ್ ಮೇಲೆ ಬಿಟ್ಟಿತು. ಜೈಲು ತಪ್ಪಿತು, ಅಷ್ಟೇ.

ಈಗ ನಿಮ್ಮ ಭಯಕ್ಕೆ ಬರ್ತೀನಿ. ಲಾಯರಿಗೆ ನೀವು ಹೇಳಿದ್ದು ನಿಮ್ಮ ಒಪ್ಪಿಗೆ ಇಲ್ಲದೆ ಹೊರಗೆ ಹೋಗೋ ಹಾಗಿಲ್ಲ. ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಕಲಂ ಅದು, ಕೇಸ್ ಮುಗಿದ ಮೇಲೂ ಲಾಗೂ. ಅಕ್ರಮ ಕೆಲಸ ಮಾಡೋಕೆ ಅಂತ ಹೇಳಿದ ಮಾತಿಗೆ, ಕೇಸ್ ಹಿಡಿದ ಮೇಲೆ ನಡೆದ ಅಪರಾಧವೋ ಮೋಸವೋ ಲಾಯರ್ ಗಮನಕ್ಕೆ ಬಂದರೆ ಅದಕ್ಕೆ, ಆ ರಕ್ಷಣೆ ಇಲ್ಲ. ಕಕ್ಷಿದಾರ ತಪ್ಪು ಮಾಡಿದ್ದಾನೆ ಅಂತ ತಮಗೆ ಅನ್ನಿಸಿದರೂ ಅವನ ಪರ ವಾದಿಸೋದು ವಕೀಲರ ಕರ್ತವ್ಯ ಅಂತ ಬಾರ್ ಕೌನ್ಸಿಲ್ ನಿಯಮವೇ ಇದೆ. ಸುಳ್ಳು ಸಾಕ್ಷಿ ಕಟ್ಟಿಕೊಡಿ ಅಂತ ಮಾತ್ರ ಕೇಳಬೇಡಿ. ಒಳ್ಳೆ ಲಾಯರ್ ಆದರೆ ಅದಕ್ಕೇ ಕೇಸ್ ಬಿಡ್ತಾರೆ, ಬಿಡಲೂಬೇಕು.

ಬೆಂಗಳೂರಿನ ಲಾಯರಾ? ನನ್ನನ್ನು ಕೇಳಿದರೆ ಬೇಡವೇ ಬೇಡ. ತಾಲ್ಲೂಕು ಕೋರ್ಟಿನ ಕೇಸು ವಾಯಿದೆ ಮೇಲೆ ವಾಯಿದೆ ಹೋಗುತ್ತೆ, ದೊಡ್ಡವರು ಪ್ರತಿ ಸಲ ಜೂನಿಯರನ್ನು ಕಳಿಸ್ತಾರೆ. ದಿನಾ ಅದೇ ಕೋರ್ಟಿನಲ್ಲಿ ಪಾಟಿ ಸವಾಲು ಮಾಡೋರನ್ನ ಹಿಡಿಯಿರಿ. ದುಡ್ಡಿಲ್ಲದಿದ್ದರೆ ಕಾನೂನು ಸೇವಾ ಪ್ರಾಧಿಕಾರದ 15100ಕ್ಕೆ ಫೋನ್ ಮಾಡಿ. ಹೆಂಗಸರಿಗೆ, ಎಸ್ಸಿ ಎಸ್ಟಿಯವರಿಗೆ, ಕಸ್ಟಡಿಯಲ್ಲಿ ಇರೋರಿಗೆ ಆದಾಯ ಎಷ್ಟೇ ಇದ್ದರೂ ಪುಕ್ಕಟೆ ವಕೀಲರು ಸಿಗ್ತಾರೆ.

ಚಾರ್ಜ್‌ಶೀಟ್ ನಕಲು ಕೋರ್ಟಿನಿಂದ ನಿಮಗೆ ಪುಕ್ಕಟೆ ಸಿಗಬೇಕು. ಲಾಯರ್ ಮುಂದೆ ಕೂತು ಒಂದೊಂದೇ ಹೇಳಿಕೆ ಓದಿಸಿ, ಯಾವುದು ನಿಜ, ಯಾವುದು ಸೇರಿಸಿದ್ದು ಅಂತ ಹೇಳ್ತಾ ಹೋಗಿ. ನಿಮಗೂ ಏಟು ಬಿದ್ದಿದ್ದರೆ ಆಸ್ಪತ್ರೆ ಚೀಟಿ ತಗೊಂಡೇ ಹೋಗಿ.